ತೀರ್ಪುಗಾರರ ಕುರ್ಚಿಯಲ್ಲಿ ಯಾರು? ಪತ್ರಿಕೋದ್ಯಮ ಪ್ರಶಸ್ತಿಯ ಆಯ್ಕೆ ಸಮಿತಿ ಕುರಿತು ಒಂದು ಪಾಠಾಧ್ಯಯನ

ತರಗತಿ: 9
ವಿಷಯ: ಕನ್ನಡ (ಭಾಷಾ ಚಟುವಟಿಕೆ)
ಅವಧಿ: 40 ನಿಮಿಷಗಳ ಎರಡು ಪಾಠಗಳು
ಬೋಧನೋಪಕರಣಗಳು: ಒಂದು ಪುಟದ ಮಾದರಿ ವರದಿ, ವೃತ್ತಿಯ ಹೆಸರಿರುವ ಆರು ಚೀಟಿಗಳು, ಕಪ್ಪುಹಲಗೆ

1. ಪಾಠದ ಹಿನ್ನೆಲೆ

ಜುಲೈ 1 ನಮ್ಮ ರಾಜ್ಯದಲ್ಲಿ ಪತ್ರಿಕಾ ದಿನ. 1843ರಲ್ಲಿ ಅದೇ ದಿನ ಹರ್ಮನ್ ಮೋಗ್ಲಿಂಗ್ ಅವರ ಸಂಪಾದಕತ್ವದಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಬಂದಿತು. ನಮ್ಮ ಬೋಧನಾಭ್ಯಾಸ ಶಾಲೆಯೊಂದರಲ್ಲಿ ಆ ದಿನದ ನೆಪದಲ್ಲಿ ಗೋಡೆ ಪತ್ರಿಕೆ ಸ್ಪರ್ಧೆ ಇಟ್ಟಿದ್ದರು. ಅದಕ್ಕೆ ಹೊಂದುವಂತೆ ಪ್ರಶಿಕ್ಷಣಾರ್ಥಿಯೊಬ್ಬರು 'ಪತ್ರಿಕೋದ್ಯಮ ಪ್ರಶಸ್ತಿಗಳು' ಎಂಬ ಪಾಠವನ್ನು ಆರಿಸಿಕೊಂಡರು.

ಮೊದಲ ಪಾಠಯೋಜನೆ ನೋಡಲು ಅಚ್ಚುಕಟ್ಟಾಗಿತ್ತು. ಪ್ರಶಸ್ತಿಯೊಂದರ ನಾಲ್ವರು ತೀರ್ಪುಗಾರರ ಹೆಸರು ಒಂದು ಕಡೆ, ಅವರ ಹುದ್ದೆ ಇನ್ನೊಂದು ಕಡೆ, ಹೊಂದಿಸಿ ಬರೆಯಿರಿ. ಮಕ್ಕಳು ನಾಲ್ಕನ್ನೂ ಸರಿಯಾಗಿ ಹೊಂದಿಸಿದರು. ಪಾಠ ಮುಗಿಯುವ ಹೊತ್ತಿಗೆ ಒಬ್ಬ ಹುಡುಗ ಎದ್ದು, "ಟೀಚರ್, ಬ್ಯಾಂಕಿನವರಿಗೆ ಪೇಪರಿನ ಸುದ್ದಿ ಬಗ್ಗೆ ಏನು ಗೊತ್ತಿರ್ತದ್ರೀ?" ಎಂದು ಕೇಳಿದ. ಪ್ರಶಿಕ್ಷಣಾರ್ಥಿ, "ಅವರೆಲ್ಲ ದೊಡ್ಡವರು, ಬಹಳ ಅನುಭವ ಇರುತ್ತದೆ" ಎಂದರು. ಅಷ್ಟರಲ್ಲಿ ಗಂಟೆ ಹೊಡೆಯಿತು.

ಆ ದಿನದ ಅತ್ಯುತ್ತಮ ಪ್ರಶ್ನೆಗೆ ಸಿಕ್ಕಿದ್ದು ಆ ದಿನದ ಅತ್ಯಂತ ಬಡ ಉತ್ತರ. ದೊಡ್ಡವರು ಎಂಬುದು ಗೌರವದ ಮಾತಾಯಿತೇ ಹೊರತು ವಿವರಣೆಯಾಗಲಿಲ್ಲ. ನ್ಯಾಯಮೂರ್ತಿಯೊಬ್ಬರು, ಬ್ಯಾಂಕಿಂಗ್ ಕ್ಷೇತ್ರದವರೊಬ್ಬರು, ಆಡಳಿತಾಧಿಕಾರಿಯೊಬ್ಬರು ವರದಿಗಾರರ ಕೆಲಸವನ್ನು ತೂಗುವುದೇಕೆ, ಹೇಗೆ? ಆ ಹುಡುಗನ ಪ್ರಶ್ನೆಯನ್ನೇ ನಡುವೆ ಇಟ್ಟುಕೊಂಡು ಪಾಠವನ್ನು ಮತ್ತೆ ಕಟ್ಟಿದೆವು. ಹಾಗೆ ಕಟ್ಟಿದ ಪಾಠದ ಅಧ್ಯಯನ ಇದು.

2. ಕಲಿಕಾ ಉದ್ದೇಶಗಳು

ಪಾಠದ ಅಂತ್ಯಕ್ಕೆ ವಿದ್ಯಾರ್ಥಿಯು:
ಅ) ತೀರ್ಪುಗಾರರ ವೃತ್ತಿಗೂ ಅವರು ಕೇಳುವ ಪ್ರಶ್ನೆಗೂ ಇರುವ ಸಂಬಂಧವನ್ನು ಉದಾಹರಣೆಯೊಂದಿಗೆ ವಿವರಿಸುವನು/ಳು.
ಆ) ಚೆನ್ನಾಗಿ ಬರೆದ ವರದಿಗೂ ನಿಜವಾದ ವರದಿಗೂ ಇರುವ ವ್ಯತ್ಯಾಸವನ್ನು ಗುರುತಿಸುವನು/ಳು.
ಇ) ಒಂದು ವರದಿಯನ್ನು ಓದಿ, ಪರಿಶೀಲಿಸಬೇಕಾದ ಕನಿಷ್ಠ ಮೂರು ಸಂಗತಿಗಳನ್ನು ಪಟ್ಟಿ ಮಾಡುವನು/ಳು.

3. ವಿಷಯ ವಿಶ್ಲೇಷಣೆ: ಬೋಧಕರು ಮೊದಲು ತಿಳಿದಿರಬೇಕಾದದ್ದು

*ಭಾರತದ ಒಂದು ಉದಾಹರಣೆ.* ರಾಮನಾಥ ಗೋಯೆಂಕಾ ಪತ್ರಿಕೋದ್ಯಮ ಪ್ರಶಸ್ತಿಗಳು 2006ರಲ್ಲಿ ಆರಂಭವಾದವು. ಮುದ್ರಣ ಮತ್ತು ದೃಶ್ಯ ಮಾಧ್ಯಮಗಳೆರಡಕ್ಕೂ ಈ ಪ್ರಶಸ್ತಿಗಳಿವೆ. ಪ್ರಾದೇಶಿಕ ಭಾಷೆಗಳ ವರದಿಗಳಿಗೂ ಅಲ್ಲಿ ಸ್ಥಾನವಿದೆ. ಇದರ ಒಂದು ತೀರ್ಪುಗಾರರ ಸಮಿತಿಯಲ್ಲಿ ನಾಲ್ವರಿದ್ದರು: ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ, ಎಚ್‌ಡಿಎಫ್‌ಸಿಯ ಅಧ್ಯಕ್ಷರಾಗಿದ್ದ ದೀಪಕ್ ಪಾರೇಖ್, ಮಾಜಿ ಮುಖ್ಯ ಚುನಾವಣಾ ಆಯುಕ್ತ ಎಸ್.ವೈ. ಖುರೇಷಿ, ಹಿರಿಯ ಪತ್ರಕರ್ತೆ ಪಮೇಲಾ ಫಿಲಿಪೋಸ್. ನಮ್ಮ ಪ್ರಶಿಕ್ಷಣಾರ್ಥಿ ಹೊಂದಿಸಿ ಬರೆಯಲು ಕೊಟ್ಟದ್ದು ಈ ನಾಲ್ಕು ಹೆಸರುಗಳನ್ನೇ.

ಹುದ್ದೆಗಳನ್ನು ಬದಿಗಿಟ್ಟು ಅವರು ಮಾಡಿದ ಕೆಲಸವನ್ನು ನೋಡೋಣ. ಶ್ರೀಕೃಷ್ಣ ಅವರು 1992-93ರ ಮುಂಬೈ ಗಲಭೆಗಳ ವಿಚಾರಣಾ ಆಯೋಗವನ್ನು ನಡೆಸಿದವರು. ಒಂದೇ ಘಟನೆಗೆ ಹತ್ತು ಸಾಕ್ಷಿಗಳು ಹತ್ತು ಬಗೆಯಲ್ಲಿ ಹೇಳಿಕೆ ಕೊಡುವಾಗ ಯಾವುದು ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂದು ತೂಗುವುದು ಅಂಥ ಆಯೋಗದ ಕೆಲಸ. ಲೆಕ್ಕಪರಿಶೋಧನೆಯ ತರಬೇತಿ ಪಡೆದ ಪಾರೇಖ್ ಅವರಂಥವರ ಕಣ್ಣು ವರದಿಯ ಅಂಕಿಗಳ ಮೇಲೆ ಮೊದಲು ಹೋದರೆ ಆಶ್ಚರ್ಯವಿಲ್ಲ: ಈ ಮೊತ್ತ ಎಲ್ಲಿಂದ ಬಂತು, ಕೂಡಿದರೆ ತಾಳೆಯಾಗುತ್ತದೆಯೇ? ಚುನಾವಣೆ ನಡೆಸಿದ ಅಧಿಕಾರಿಗೆ ಕಾಗದದ ಮೇಲಿನ ನಿಯಮಕ್ಕೂ ಮತಗಟ್ಟೆಯಲ್ಲಿ ನಡೆಯುವುದಕ್ಕೂ ಇರುವ ಅಂತರ ಗೊತ್ತು. ಇನ್ನು ಫಿಲಿಪೋಸ್ ಅವರು ವರದಿಗಾರಿಕೆಯ ಒಳಗಿನವರು. ಜೊತೆಗೆ 'ದಿ ವೈರ್' ಸುದ್ದಿತಾಣದಲ್ಲಿ ಓದುಗರ ಪರವಾಗಿ ಸಂಸ್ಥೆಯ ಬರಹಗಳನ್ನು ವಿಮರ್ಶಿಸುವ ಸಂಪಾದಕರಾಗಿ ಕೆಲಸ ಮಾಡಿದವರು. ಒಂದು ಸುದ್ದಿ ಸಿಗುವುದು ಎಷ್ಟು ಕಷ್ಟ, ಎಲ್ಲಿ ಅಡ್ಡದಾರಿ ಹಿಡಿಯುವ ಆಸೆಯಾಗುತ್ತದೆ ಎಂಬುದನ್ನು ಹೇಳಬಲ್ಲವರು ಒಳಗಿನವರೇ.

ಸಾಕ್ಷ್ಯ, ಲೆಕ್ಕ, ಆಡಳಿತ, ಸುದ್ದಿಮನೆ: ನಾಲ್ಕು ವೃತ್ತಿಗಳಿಂದ ನಾಲ್ಕು ಬಗೆಯ ಪ್ರಶ್ನೆಗಳು ಬರುತ್ತವೆ. ಆ ಹುಡುಗನಿಗೆ ನಾವು ಕೊಡಬೇಕಿದ್ದ ಉತ್ತರ ಇಷ್ಟೇ. ಬ್ಯಾಂಕಿನವರಿಗೆ ಸುದ್ದಿ ಬರೆಯಲು ಬರದಿರಬಹುದು, ಸುದ್ದಿಯೊಳಗಿನ ಲೆಕ್ಕ ಕೇಳಲು ಬರುತ್ತದೆ.

*ಅಮೆರಿಕದ ಒಂದು ಉದಾಹರಣೆ.* ಆದರೆ ಪಾಠವನ್ನು ಇಲ್ಲಿಗೇ ನಿಲ್ಲಿಸಿದರೆ 'ಬೇರೆ ಬೇರೆ ವೃತ್ತಿಯವರನ್ನು ಕೂರಿಸಿದರೆ ಸಾಕು' ಎಂಬ ಇನ್ನೊಂದು ಸುಲಭದ ಉತ್ತರವನ್ನು ಮಕ್ಕಳ ಕೈಗೆ ಕೊಟ್ಟಂತಾಗುತ್ತದೆ. ಆದ್ದರಿಂದ 1981ರ ಪುಲಿಟ್ಜರ್ ಪ್ರಸಂಗವನ್ನು ಸೇರಿಸಿದೆವು.

ಪತ್ರಿಕೆಗಳ ಮಾಲೀಕರಾಗಿದ್ದ ಜೋಸೆಫ್ ಪುಲಿಟ್ಜರ್ 1911ರಲ್ಲಿ ತೀರಿಕೊಂಡರು. ಅವರ ಉಯಿಲಿನಂತೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ 1917ರಿಂದ ಈ ಪ್ರಶಸ್ತಿಗಳನ್ನು ಕೊಡುತ್ತ ಬಂದಿದೆ. ಇಲ್ಲಿ ಆಯ್ಕೆಗೆ ಎರಡು ಹಂತ. ಪ್ರತಿ ವಿಭಾಗಕ್ಕೂ ಒಂದು ತೀರ್ಪುಗಾರರ ತಂಡವಿದ್ದು, ಬಂದ ನಮೂದುಗಳನ್ನೆಲ್ಲ ಓದಿ ಕೆಲವನ್ನು ಮುಂದಕ್ಕೆ ಕಳಿಸುತ್ತದೆ. ಅಂತಿಮ ತೀರ್ಮಾನ ಪುಲಿಟ್ಜರ್ ಮಂಡಳಿಯದು. ತನ್ನದೇ ಸಂಸ್ಥೆಯ ನಮೂದು ಚರ್ಚೆಗೆ ಬಂದಾಗ ಮಂಡಳಿಯ ಸದಸ್ಯರು ಕೊಠಡಿಯಿಂದ ಎದ್ದು ಹೋಗಬೇಕೆಂಬ ನಿಯಮವಿದೆ. ತಂಡದ ಶಿಫಾರಸನ್ನು ಬದಲಿಸುವ, ನಮೂದನ್ನು ಒಂದು ವಿಭಾಗದಿಂದ ಇನ್ನೊಂದಕ್ಕೆ ಸಾಗಿಸುವ ಅಧಿಕಾರವೂ ಮಂಡಳಿಗಿದೆ. 1981ರ ಮಂಡಳಿಯಲ್ಲಿ ಇದ್ದವರು ಬಹುಮಟ್ಟಿಗೆ ಪತ್ರಿಕೆಗಳ ಸಂಪಾದಕರು ಮತ್ತು ಪ್ರಕಾಶಕರು.

1980ರ ಸೆಪ್ಟೆಂಬರ್ 28ರಂದು 'ವಾಷಿಂಗ್ಟನ್ ಪೋಸ್ಟ್' ಮುಖಪುಟದಲ್ಲಿ 'ಜಿಮ್ಮೀಸ್ ವರ್ಲ್ಡ್' ಎಂಬ ವರದಿ ಬಂತು. ಬರೆದವರು 26 ವರ್ಷದ ಜಾನೆಟ್ ಕುಕ್. ವಾಷಿಂಗ್ಟನ್ನಿನ ಬಡ ಬಡಾವಣೆಯೊಂದರಲ್ಲಿ ಹೆರಾಯಿನ್ ಚಟಕ್ಕೆ ಬಿದ್ದ 8 ವರ್ಷದ ಹುಡುಗನ ಕಥೆ ಅದು. ಊರೇ ಮರುಗಿತು. ಪೊಲೀಸರೂ ನಗರಾಡಳಿತವೂ ಆ ಮಗುವನ್ನು ಉಳಿಸಬೇಕೆಂದು ಹುಡುಕಿದರು, ಮಗು ಸಿಗಲಿಲ್ಲ. ಮನೆಯವರಿಗೆ ಗೋಪ್ಯತೆಯ ಮಾತು ಕೊಟ್ಟಿದ್ದೇನೆ ಎಂದು ವರದಿಗಾರ್ತಿ ಹೇಳಿದ್ದರಿಂದ ಹುಡುಗನ ನಿಜವಾದ ಹೆಸರು, ಮನೆ ಎಲ್ಲಿ ಎಂಬುದನ್ನು ಸಂಪಾದಕರು ಖಚಿತಪಡಿಸಿಕೊಂಡಿರಲಿಲ್ಲ. ಅನುಮಾನಪಟ್ಟವರು ಸುದ್ದಿಮನೆಯಲ್ಲೇ ಇದ್ದರು. ಆಕೆಯೊಂದಿಗೆ ಆ ಬಡಾವಣೆಯಲ್ಲಿ ಸುತ್ತಿಬಂದ ಸಹೋದ್ಯೋಗಿಯೊಬ್ಬರಿಗೆ, ಈಕೆಗೆ ಈ ಜಾಗದ ಪರಿಚಯವೇ ಇಲ್ಲ ಎನಿಸಿತ್ತು. ಆ ಅನುಮಾನ ಮೇಲಿನವರವರೆಗೆ ಹೋದರೂ ನಿಲ್ಲಲಿಲ್ಲ.

ವರದಿಯನ್ನು ಸ್ಥಳೀಯ ಸುದ್ದಿ ವಿಭಾಗದಲ್ಲಿ ಪುಲಿಟ್ಜರ್‌ಗೆ ಕಳಿಸಿದ್ದರು. ಮಂಡಳಿ ಅದನ್ನು ವಿಶೇಷ ಲೇಖನ ವಿಭಾಗಕ್ಕೆ ಸಾಗಿಸಿ ಅಲ್ಲಿ ಪ್ರಶಸ್ತಿ ಕೊಟ್ಟಿತು. ವಿಶೇಷ ಲೇಖನಗಳನ್ನು ತೂಗಲೆಂದೇ ಕೂರಿಸಿದ್ದ ತೀರ್ಪುಗಾರರು ಈ ವರದಿಯನ್ನು ಓದಿಯೇ ಇರಲಿಲ್ಲ.

ಮಂಡಳಿಯ ಚರ್ಚೆಯ ಒಂದು ಸಂಗತಿ ನಮ್ಮ ಪಾಠಕ್ಕೆ ಬಹಳ ಮುಖ್ಯ. ಸದಸ್ಯರಲ್ಲೊಬ್ಬರಾದ ರೋಜರ್ ವಿಲ್ಕಿನ್ಸ್ ವರದಿಯ ಪರವಾಗಿ ಗಟ್ಟಿಯಾಗಿ ಮಾತಾಡಿದರು. ಮಂಡಳಿ ಸಭೆ ಸೇರಿದ್ದ ಜಾಗದ ಆಸುಪಾಸಿನಲ್ಲೇ ಇಂಥ ಮಕ್ಕಳನ್ನು ತಾನು ಹುಡುಕಿ ತೋರಿಸಬಲ್ಲೆ ಎಂಬುದು ಅವರ ವಾದದ ಸಾರ. ಅವರೇನು ಸಾಮಾನ್ಯ ಹಿನ್ನೆಲೆಯವರಲ್ಲ. ಕಾನೂನು ಓದಿದವರು, ಅಮೆರಿಕ ಸರ್ಕಾರದ ನ್ಯಾಯ ಇಲಾಖೆಯಲ್ಲಿ ಉನ್ನತ ಹುದ್ದೆಯಲ್ಲಿದ್ದವರು, ಆಮೇಲೆ ಸಂಪಾದಕೀಯ ಬರೆದು ಹೆಸರಾದವರು, ಕರಿಯರ ಬಡಾವಣೆಗಳ ಬದುಕನ್ನು ಬಲ್ಲವರು. ಅವರ ಮಾತಿನಲ್ಲಿ ಹುರುಳಿತ್ತು. ಅಂಥ ಮಕ್ಕಳು ಇದ್ದಿರಬಹುದು. ಆದರೆ 'ಇಂಥ ಮಗು ಇರಬಹುದೇ' ಎಂಬುದು ಒಂದು ಪ್ರಶ್ನೆ, 'ಈ ಮಗುವನ್ನು ಈ ವರದಿಗಾರ್ತಿ ಕಂಡಿದ್ದಾರೆಯೇ' ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದಕ್ಕೆ ಸಿಕ್ಕ ಉತ್ತರವನ್ನು ಎರಡನೆಯದಕ್ಕೂ ಉತ್ತರವೆಂದುಕೊಂಡರು.

ಪ್ರಶಸ್ತಿ ಪ್ರಕಟವಾದದ್ದು 1981ರ ಏಪ್ರಿಲ್ 13ರಂದು. ಕುಕ್ ಹಿಂದೆ ಕೆಲಸ ಮಾಡಿದ್ದ 'ಟೊಲಿಡೊ ಬ್ಲೇಡ್' ಪತ್ರಿಕೆಯವರು ತಮ್ಮೂರಿನ ಹುಡುಗಿಗೆ ಬಂದ ಗೌರವವೆಂದು ಆಕೆಯ ಪರಿಚಯವನ್ನು ಓದಿ ನೋಡಿದರು. ಅದರಲ್ಲಿದ್ದ ವಿದ್ಯಾರ್ಹತೆಗಳು ತಮಗೆ ಗೊತ್ತಿದ್ದದ್ದಕ್ಕೆ ಹೊಂದಲಿಲ್ಲ. ಅಲ್ಲಿಂದ ಎಳೆ ಬಿಚ್ಚಿಕೊಂಡಿತು. ಎರಡೇ ದಿನಗಳಲ್ಲಿ, ಜಿಮ್ಮಿ ಎಂಬ ಹುಡುಗನೇ ಇಲ್ಲವೆಂದು ಕುಕ್ ಒಪ್ಪಿ ರಾಜೀನಾಮೆ ಕೊಟ್ಟರು. ಪತ್ರಿಕೆ ಪ್ರಶಸ್ತಿಯನ್ನು ಹಿಂತಿರುಗಿಸಿತು. ಅದು 'ವಿಲೇಜ್ ವಾಯ್ಸ್' ಪತ್ರಿಕೆಯ ತೆರೇಸಾ ಕಾರ್ಪೆಂಟರ್ ಅವರಿಗೆ ಸಂದಿತು. ಪತ್ರಿಕೆಯೊಳಗೆ ಓದುಗರ ಪರವಾಗಿ ದೂರು ವಿಚಾರಿಸುವ ಹುದ್ದೆಯಲ್ಲಿದ್ದ ಬಿಲ್ ಗ್ರೀನ್ ಇಡೀ ಪ್ರಸಂಗವನ್ನು ತನಿಖೆ ಮಾಡಿ ಏಪ್ರಿಲ್ 19ರಂದು ಅದೇ ಪತ್ರಿಕೆಯಲ್ಲಿ ದೀರ್ಘ ವರದಿ ಪ್ರಕಟಿಸಿದರು.

ಒಂದು ಎಚ್ಚರಿಕೆ: 9ನೇ ತರಗತಿಗೆ ಹೇಳುವಾಗ ಮಾದಕ ವಸ್ತುವಿನ ವಿವರಗಳಿಗೆ ಹೋಗಬೇಕಿಲ್ಲ. 'ಕೆಟ್ಟ ಚಟಕ್ಕೆ ಬಿದ್ದ ಪುಟ್ಟ ಹುಡುಗ' ಎಂದರೆ ಸಾಕು.

4. ಪಾಠದ ನಡೆ

*ಪೀಠಿಕೆ.* ಪ್ರಶಿಕ್ಷಣಾರ್ಥಿ ಮಾದರಿ ವರದಿಯನ್ನು ಓದಿದರು. ಅಭ್ಯಾಸಕ್ಕಾಗಿ ಅವರೇ ಬರೆದದ್ದು. ಹತ್ತು ವರ್ಷದ ಒಬ್ಬ ಹುಡುಗ ಜುಲೈ ತಿಂಗಳ ಮಳೆಯಲ್ಲಿ ರಾತ್ರಿಯಿಡೀ ಇಟ್ಟಿಗೆ ಭಟ್ಟಿಯಲ್ಲಿ ದುಡಿದು, 300 ರೂಪಾಯಿ ತಾಯಿಯ ಕೈಗಿತ್ತು, ಬೆಳಿಗ್ಗೆ ಹತ್ತಕ್ಕೆ ಶಾಲೆಯ ಮೊದಲ ಬೆಂಚಿನಲ್ಲಿ ಕೂರುತ್ತಾನೆ, ತರಗತಿಗೇ ಮೊದಲಿಗ. ಓದಿ ಮುಗಿದಾಗ ತರಗತಿ ಮೌನವಾಗಿತ್ತು. ಹತ್ತಕ್ಕೆ ಎಷ್ಟು ಅಂಕ ಎಂದು ಕೇಳಿದಾಗ ಬಹುತೇಕ ಮಕ್ಕಳು ಒಂಬತ್ತು ಅಥವಾ ಹತ್ತು ಎಂದರು. ಕಾರಣ ಕೇಳಿದರೆ, "ಓದಿ ಅಳು ಬಂತು" ಎಂದಳು ಒಬ್ಬಳು.

*ವಿಷಯ ನಿರೂಪಣೆ.* ಮಕ್ಕಳನ್ನು ಆರು ಗುಂಪು ಮಾಡಿ ಒಂದೊಂದಕ್ಕೆ ಒಂದು ಚೀಟಿ ಕೊಟ್ಟರು: ನ್ಯಾಯಾಧೀಶ, ಲೆಕ್ಕಪರಿಶೋಧಕ, ಸರ್ಕಾರಿ ಅಧಿಕಾರಿ, ಪತ್ರಕರ್ತೆ, ಮಕ್ಕಳ ವೈದ್ಯೆ, ಆ ಊರಿನ ಓದುಗ. ಕೊನೆಯ ಎರಡನ್ನು ನಾವೇ ಸೇರಿಸಿದೆವು. ಸೂಚನೆ ಒಂದೇ: ಅಂಕ ಕೊಡಬೇಡಿ, ನಿಮ್ಮ ಚೀಟಿಯವರು ಕೇಳುವ ಎರಡು ಪ್ರಶ್ನೆ ಬರೆಯಿರಿ.

ಹತ್ತು ನಿಮಿಷದಲ್ಲಿ ಕಪ್ಪುಹಲಗೆ ತುಂಬಿತು. ನ್ಯಾಯಾಧೀಶರ ಗುಂಪು, "ಹುಡುಗ ಕೆಲಸ ಮಾಡಿದ್ದನ್ನು ಕಣ್ಣಾರೆ ಕಂಡವರು ಯಾರು?" ಎಂದಿತು. ಲೆಕ್ಕಪರಿಶೋಧಕರ ಗುಂಪು 300 ರೂಪಾಯಿಗೆ ಗುರುತು ಹಾಕಿ, "ದಿನಗೂಲಿಯೋ, ಇಟ್ಟಿಗೆ ಲೆಕ್ಕದ ಕೂಲಿಯೋ?" ಎಂದು ಕೇಳಿತು. ಅಧಿಕಾರಿಗಳ ಗುಂಪು, ಹತ್ತು ವರ್ಷದವನನ್ನು ದುಡಿಸಿಕೊಳ್ಳುವುದು ಅಪರಾಧ, ಭಟ್ಟಿಯ ಮಾಲೀಕನ ಮಾತು ವರದಿಯಲ್ಲಿ ಏಕಿಲ್ಲ ಎಂದಿತು. ವೈದ್ಯೆಯರು, "ಈ ಹುಡುಗ ಮಲಗೋದು ಯಾವಾಗ?" ಎಂದಾಗ ಎಲ್ಲರೂ ನಕ್ಕರು, ನಗು ನಿಂತ ಮೇಲೆ ಆ ಪ್ರಶ್ನೆ ಉಳಿಯಿತು. ಪತ್ರಕರ್ತೆಯರ ಗುಂಪು, "ಹೆಸರು ಬದಲಿಸಿದ್ದೇವೆ ಎಂದು ಬರೆದಿಲ್ಲ" ಎಂದು ತಪ್ಪು ಹಿಡಿಯಿತು.

ಊರಿನ ಓದುಗರ ಗುಂಪಿನಿಂದ, ಕೊನೆಯ ಬೆಂಚಿನ ಹುಡುಗಿಯೊಬ್ಬಳು ಕುಳಿತಲ್ಲಿಂದಲೇ ಹೇಳಿದಳು: "ಮಳಿಗಾಲದಾಗ ಇಟ್ಟಂಗಿ ಭಟ್ಟಿ ನಡಿಯೂದಿಲ್ರಿ ಟೀಚರ್. ಹಸಿ ಇಟ್ಟಂಗಿ ಒಣಗೂದಿಲ್ಲ."

ವರದಿ ಅಲ್ಲಿಗೇ ಬಿದ್ದುಹೋಯಿತು. ಇದು ನಾವು ಬೇಕೆಂದೇ ಇಟ್ಟ ತಪ್ಪಾಗಿರಲಿಲ್ಲ. ಪ್ರಶಿಕ್ಷಣಾರ್ಥಿ ಬರೆದಿದ್ದರು, ನಾನು ಪಾಠಯೋಜನೆಯೊಂದಿಗೆ ಓದಿ ಸಹಿ ಹಾಕಿದ್ದೆ. ಭಾಷೆ ನೋಡಿದ್ದೆ, ಉದ್ದೇಶಗಳಿಗೆ ಹೊಂದುತ್ತದೆಯೇ ನೋಡಿದ್ದೆ. ಜುಲೈ ಎಂಬ ಪದದ ಮೇಲೆ ನನ್ನ ಕಣ್ಣು ನಿಂತಿರಲಿಲ್ಲ.

*ಕಥನ.* ಈ ಘಟ್ಟದಲ್ಲಿ 1981ರ ಪ್ರಸಂಗವನ್ನು ಹೇಳಿದ್ದು ಚೆನ್ನಾಗಿ ನಾಟಿತು. ಬಡಾವಣೆಯ ಪರಿಚಯವಿದ್ದ ಸಹೋದ್ಯೋಗಿ, ಹಳೆಯ ಊರಿನ ಪತ್ರಿಕೆಯವರು ಏಕೆ ಅನುಮಾನಪಟ್ಟರು ಎಂಬುದನ್ನು ಮಕ್ಕಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ. "ಅವರು ಭಟ್ಟಿ ನೋಡಿದವರು" ಎಂದ ಮೊದಲ ದಿನ ಪ್ರಶ್ನೆ ಕೇಳಿದ ಹುಡುಗ.

5. ಮೌಲ್ಯಮಾಪನ

ಎರಡನೆಯ ಪಾಠದ ಕೊನೆಗೆ ಮೂರು ಪ್ರಶ್ನೆ ಕೊಟ್ಟೆವು.
1) ಮಂಡಳಿಯ ಸದಸ್ಯರು ಅನುಭವಿಗಳಾಗಿದ್ದರೂ ಮೋಸಹೋದದ್ದೇಕೆ? ಎರಡು ಕಾರಣ ಬರೆಯಿರಿ.
2) 'ಇರಬಹುದು' ಮತ್ತು 'ಇದೆ' ಎಂಬ ಎರಡು ಪದಗಳನ್ನು ಬಳಸಿ ಜಿಮ್ಮಿಯ ಕಥೆಯನ್ನು ಐದು ವಾಕ್ಯಗಳಲ್ಲಿ ವಿವರಿಸಿ.
3) ನಮ್ಮ ಶಾಲೆಯ ಗೋಡೆ ಪತ್ರಿಕೆ ಸ್ಪರ್ಧೆಗೆ ಮೂವರು ತೀರ್ಪುಗಾರರನ್ನು ಸೂಚಿಸಿ. ಪ್ರತಿಯೊಬ್ಬರು ಯಾವ ಪ್ರಶ್ನೆ ಕೇಳಬಲ್ಲರು ಬರೆಯಿರಿ.

ಮೂರನೆಯದಕ್ಕೆ ಬಂದ ಉತ್ತರಗಳೇ ಪಾಠದ ನಿಜವಾದ ಫಲಿತಾಂಶ. ಕನ್ನಡ ಶಿಕ್ಷಕರನ್ನು ಎಲ್ಲರೂ ಸೂಚಿಸಿದ್ದರು. ಆದರೆ ಬಿಸಿಯೂಟದ ಅಡುಗೆಯವರನ್ನು ಸೂಚಿಸಿದವರಿದ್ದರು, ಏಕೆಂದರೆ ಒಂದು ಬರಹ ಬಿಸಿಯೂಟದ ಬಗ್ಗೆಯೇ ಇತ್ತು. ಆದರೆ ಅಲ್ಲೇ ಒಬ್ಬಳು, ತಮ್ಮ ಅಡುಗೆಯ ಬಗ್ಗೆಯೇ ಬರೆದದ್ದಕ್ಕೆ ಅವರು ಅಂಕ ಹಾಕಬಾರದು, ಸಂಗತಿ ಸರಿಯೇ ಎಂದಷ್ಟೇ ಹೇಳಲಿ ಎಂದು ಬರೆದಿದ್ದಳು. ಮಂಡಳಿಯ ಸದಸ್ಯರು ಎದ್ದು ಹೋಗುವ ನಿಯಮ ಅವಳಿಗೆ ಅರ್ಥವಾಗಿತ್ತು. ಶಾಲೆಯವರು ಆ ಸಲಹೆಯನ್ನು ಹಾಗೆಯೇ ಒಪ್ಪಿಕೊಂಡರು.

6. ಅವಲೋಕನ ಚರ್ಚೆ

ಪಾಠವನ್ನು ಮೂವರು ವೀಕ್ಷಿಸಿದ್ದೆವು: ಬೋಧನಾ ವಿಧಾನದ ಉಪನ್ಯಾಸಕನಾದ ನಾನು, ಆ ತರಗತಿಯ ಶಿಕ್ಷಕಿ, ಒಬ್ಬ ಸಹಪ್ರಶಿಕ್ಷಣಾರ್ಥಿ. ಸಂಜೆ ವೀಕ್ಷಣಾ ಪುಸ್ತಕಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದೆವು. ನಾನು ಉದ್ದೇಶಗಳು, ಪ್ರಶ್ನೆಗಳ ಕ್ರಮ, ಹಲಗೆಯ ಬಳಕೆ ಕುರಿತು ಒಂದು ಪುಟ ಬರೆದಿದ್ದೆ. ಸಹಪ್ರಶಿಕ್ಷಣಾರ್ಥಿ, ಗುಂಪು ಮಾಡುವುದಕ್ಕೇ ಆರು ನಿಮಿಷ ಹಿಡಿಯಿತು ಎಂದು ಗುರುತಿಸಿದ್ದರು. ನಾಳೆ ಅದೇ ಕಷ್ಟ ಅವರದೂ ತಾನೇ. ತರಗತಿಯ ಶಿಕ್ಷಕಿ ಬರೆದದ್ದು ಎರಡೇ ಸಾಲು: ಕೊನೆಯ ಬೆಂಚಿನ ಆ ಹುಡುಗಿ ಈ ವರ್ಷ ತರಗತಿಯಲ್ಲಿ ತಾನಾಗಿ ಮಾತಾಡಿದ್ದು ಇದೇ ಮೊದಲು, ಮತ್ತೆ ಸುಮ್ಮನಾದದ್ದು 'ನಿನಗೆ ಹೇಗೆ ಗೊತ್ತು?' ಎಂದು ಕೇಳಿದ ಮೇಲೆ.

ನಿಜ. ಅವಳ ಮಾತಿಗೆ ಪ್ರಶಿಕ್ಷಣಾರ್ಥಿ ಬೆರಗಾಗಿ ಹಾಗೆ ಕೇಳಿದ್ದರು. ನನ್ನ ಪುಸ್ತಕದಲ್ಲಿ ಅದನ್ನು 'ಉತ್ತಮ ಅನುಸರಣಾ ಪ್ರಶ್ನೆ' ಎಂದು ಬರೆದು ಗುರುತು ಹಾಕಿದ್ದೆ. ಸಾಕ್ಷ್ಯ ಕೇಳುವುದು ಪಾಠದ ಗುರಿಯೇ ಆಗಿತ್ತಲ್ಲ. ಆದರೆ ಆ ಹುಡುಗಿಯ ಮನೆಯವರು ಬೇಸಿಗೆಯಲ್ಲಿ ಭಟ್ಟಿಗೆ ಕೆಲಸಕ್ಕೆ ಹೋಗುತ್ತಾರೆಂದು ಶಿಕ್ಷಕಿಗೆ ಗೊತ್ತಿತ್ತು; ನಲವತ್ತು ಮಕ್ಕಳ ಮುಂದೆ ಅವಳು ಅದನ್ನು ಹೇಳಬೇಕಾಗಿ ಬಂದಿತ್ತು. 'ಇದನ್ನು ನಾವು ಯಾರನ್ನು ಕೇಳಿ ಖಚಿತ ಮಾಡಿಕೊಳ್ಳಬಹುದು?' ಎಂದು ಇಡೀ ತರಗತಿಗೆ ಕೇಳಿದ್ದರೆ ಪರಿಶೀಲನೆಯೂ ಆಗುತ್ತಿತ್ತು, ಹುಡುಗಿಯ ಮಾತಿನ ಬೆಲೆಯೂ ಉಳಿಯುತ್ತಿತ್ತು. ಪಾಠಯೋಜನೆಯಲ್ಲಿ ಆ ಒಂದು ವಾಕ್ಯವನ್ನು ತಿದ್ದಿದೆವು. ಮರುದಿನ ಪ್ರಶಿಕ್ಷಣಾರ್ಥಿ ಆ ಹುಡುಗಿಯ ಬಳಿ ಕುಳಿತು, "ನನ್ನ ವರದಿಯ ತಪ್ಪು ತೋರಿಸಿಕೊಟ್ಟೆಯಲ್ಲ, ಈಗ ತಿದ್ದಿ ಬರೆಯೋಣ ಬಾ" ಎಂದರು. ವರದಿಯ ತಿಂಗಳು ಫೆಬ್ರವರಿ ಆಯಿತು. 'ರಾತ್ರಿಯಿಡೀ' ಎಂಬುದು ಹೋಯಿತು. ಅಳು ತರಿಸುವಂಥದು ಕಡಿಮೆಯಾಗಿ, ನಂಬುವಂಥದು ಹೆಚ್ಚಾಯಿತು.

7. ಪ್ರಶಿಕ್ಷಣಾರ್ಥಿಗಳ ಚರ್ಚೆಗೆ

ತೀರ್ಪುಗಾರರ ಹೆಸರು, ಹುದ್ದೆಗಳನ್ನು ಕಲಿಸುವುದು ಸುಲಭ, ಮರೆಯುವುದೂ ಸುಲಭ. ಒಂದು ವೃತ್ತಿ ಮನುಷ್ಯನಿಗೆ ಕೆಲವು ಪ್ರಶ್ನೆಗಳನ್ನು ಕಲಿಸುತ್ತದೆ, ಕೆಲವನ್ನು ಮರೆಸುತ್ತದೆ ಎಂಬುದನ್ನು ಮಕ್ಕಳು ಕಂಡುಕೊಂಡರೆ ಪಾಠ ಗೆದ್ದಂತೆ. ಮುಂದಿನ ತಂಡದವರು ಈ ಪಾಠವನ್ನು ತೆಗೆದುಕೊಳ್ಳುವ ಮೊದಲು ಕೆಳಗಿನವನ್ನು ಚರ್ಚಿಸಲಿ.

ಅ) ನಿಮ್ಮ ಶಾಲೆ ಇರುವ ಊರಿನಲ್ಲಿ ಯಾವ ಕಸುಬುಗಳಿವೆ? ಮಾದರಿ ವರದಿಯನ್ನು ಅದಕ್ಕೆ ತಕ್ಕಂತೆ ಬರೆದು, ಆ ಕಸುಬಿನವರೊಬ್ಬರಿಗೆ ಮೊದಲೇ ಓದಿಸಿ.
ಆ) ಆರು ಚೀಟಿಗಳಲ್ಲಿ ಒಂದನ್ನು ಬಿಡಬೇಕಾದರೆ ಯಾವುದನ್ನು ಬಿಡುವಿರಿ? ಬಿಟ್ಟರೆ ಯಾವ ಪ್ರಶ್ನೆ ಕೇಳದೇ ಹೋಗುತ್ತದೆ?
ಇ) ನಿಮ್ಮ ಪಾಠಕ್ಕೆ ಅಂಕ ಹಾಕುವವರು ಯಾರು? ಅವರ ಕಣ್ಣಿಗೆ ಬೀಳದೆ ಉಳಿಯುವುದು ಏನು? ಅದನ್ನು ನೋಡಬಲ್ಲವರನ್ನು ಹಿಂದಿನ ಬೆಂಚಿಗೆ ಕರೆಯಲು ನಮ್ಮ ವೀಕ್ಷಣಾ ಪಟ್ಟಿಯಲ್ಲಿ ಏನು ಬದಲಾಗಬೇಕು?

ಮೂರನೆಯ ಪ್ರಶ್ನೆಗೆ ನಮ್ಮ ವಿಭಾಗ ಒಂದು ಸಣ್ಣ ಉತ್ತರ ಕೊಟ್ಟಿದೆ. ಈ ಸಾಲಿನಿಂದ ತರಗತಿಯ ಶಿಕ್ಷಕರ ಷರಾ ಬರುವ ಮುಂಚೆ ಉಪನ್ಯಾಸಕರು ಅಂತಿಮ ಅಂಕ ಬರೆಯುವಂತಿಲ್ಲ.